ಬನಿಯನ್ ಮೇಲಿನ ದಾಳಿಂಬೆ

ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆಯೋದು ನನ್ನ ಕೆಲಸ. ಒಂದು ಬೆಳಿಗ್ಗೆ ಬಸವೇಶ್ವರನಗರದ ಮನೆಯೊಂದಕ್ಕೆ ಮೊದಲ ಸಲ ಹೋಗಿದ್ದೆ, ಶುಗರ್ ಟೆಸ್ಟಿಗೆ. ಹಣೆ ತುಂಬ ವಿಭೂತಿ ಹಚ್ಚಿಕೊಂಡಿದ್ದ ಯಜಮಾನರು ತಾವಾಗಿಯೇ ಕೈ ಚಾಚಿ, “ರಾತ್ರಿಯಿಂದ ನೀರು ಬಿಟ್ಟು ಏನೂ ಮುಟ್ಟಿಲ್ಲಪ್ಪ” ಅಂದರು.

ಅವರ ಬಿಳಿ ಬನಿಯನ್ ಮೇಲೆ ಕೆಂಪು ಕಲೆಯಿತ್ತು, ಇನ್ನೂ ಒದ್ದೆ.

“ಇದೇನು ಸಾರ್?”

“ಹೋದ ತಿಂಗಳು ನೀವೇ ಚುಚ್ಚಿದಾಗ ಬಿದ್ದ ರಕ್ತ. ಎಷ್ಟು ಒಗೆದರೂ ಹೋಗಿಲ್ಲ.”

ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಹೆಂಡತಿ ಅಡುಗೆಮನೆಯಿಂದ ಬಟ್ಟಲು ಹಿಡಿದು ಬಂದರು. “ಮೊಸರನ್ನಕ್ಕೆ ಅಂತ ಎರಡು ದಾಳಿಂಬೆ ಬಿಡಿಸಿಟ್ಟಿದ್ದೆ. ಅರ್ಧ ಎಲ್ಲಿ ಹೋಯ್ತು ರೀ?”

ಯಜಮಾನರು ನೆಲ ನೋಡಿದರು. “ರಕ್ತ ತೆಗೆಯೋಕೆ ಬರ್ತಾರಲ್ಲ, ಮೈಯಲ್ಲಿ ಸ್ವಲ್ಪ ಜಾಸ್ತಿ ಇರಲಿ ಅಂತ ತಿಂದೆ ಕಣೇ.”

ಪರೀಕ್ಷೆ ನಾಳೆಗೆ ಹೋಯಿತು. ಆಂಟಿ ನನ್ನನ್ನೂ ಬಿಡಲಿಲ್ಲ. “ದಿನಾ ಊರವರ ರಕ್ತ ತೆಗೀತೀರಾ, ನಿಮ್ಮ ಮುಖದಲ್ಲೇ ರಕ್ತ ಇಲ್ಲ. ದಾಳಿಂಬೆ ತುಂಬಾ ಒಳ್ಳೇದು, ತಿನ್ನಿ” ಅಂತ ಉಳಿದದ್ದನ್ನು ನನ್ನ ಅಂಗೈಗೆ ಸುರಿದರು. ಮೆಟ್ಟಿಲು ಇಳಿಯುತ್ತಾ ಗಬಗಬ ತಿಂದೆ. ರಸ ನನ್ನ ಬಿಳಿ ಕೋಟಿನ ಮೇಲೆಲ್ಲ ಇಳಿದಿತ್ತು.

ಮುಂದಿನ ಮನೆ ಆರ್‌ಪಿಸಿ ಲೇಔಟಿನದು. ಬಾಗಿಲು ತೆರೆದ ಅಜ್ಜಿ ನನ್ನ ಕೋಟು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

“ದಾಳಿಂಬೆ ಅಜ್ಜಿ, ದೇವರಾಣೆ” ಅಂದೆ.

“ಹೌದೌದು” ಅಂತ ಬಾಗಿಲು ಹಾಕಿಕೊಂಡರು. ಒಳಗಿನಿಂದ ಅವರ ದನಿ ಮಾತ್ರ ಸ್ಪಷ್ಟವಾಗಿ ಕೇಳಿಸಿತು:

“ಮೊದಲು ಲ್ಯಾಬಿಗೆ ಫೋನ್ ಮಾಡಿ, ಇವನು ಈಗ ಹೋಗಿ ಬಂದ ಮನೆಯವರು ಬದುಕಿದಾರಾ ಅಂತ ಕೇಳ್ರೋ!”