ಮೆಟ್ರೊ ಮೆಟ್ಟಿಲ ಮೇಲೆ ಅಕ್ಕನ ಪೂರ್ವಸಿದ್ಧತಾ ಪರೀಕ್ಷೆ

ನನ್ನ ಅಕ್ಕ ಪದ್ಮನಾಭನಗರದ ತನ್ನ ಮನೆಯಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಾಳೆ. ಶಾಲೆಯಿಂದ ನಿವೃತ್ತಳಾಗಿ ನಾಲ್ಕು ವರ್ಷವಾದರೂ ಎದುರಿಗೆ ಯಾರು ಕೂತರೂ ಅವಳಿಗೆ ವಿದ್ಯಾರ್ಥಿಯಂತೆಯೇ ಕಾಣುತ್ತಾರೆ. ಅವಳಿಗಿಂತ ಆರು ವರ್ಷ ಚಿಕ್ಕವಳಾದ ನಾನಂತೂ ಐವತ್ತೆಂಟಾದರೂ ಇನ್ನೂ ಪಾಸಾಗಿಲ್ಲ.

ಹೋದ ವರ್ಷ ನಾವಿಬ್ಬರೇ ವಿಯೆನ್ನಾ, ಬುಡಾಪೆಸ್ಟ್, ಪ್ರಾಗ್ ನೋಡಿಬರುವುದೆಂದು ನಿಶ್ಚಯವಾಯಿತು. ನನ್ನ ಮನೆಯವರಿಗೆ ಅಲ್ಲಿನ ಊಟದ ಚಿಂತೆ, ಭಾವನಿಗೆ ಮೊಣಕಾಲಿನ ಚಿಂತೆ. ಹಾಗಾಗಿ ಇಬ್ಬರೂ ನಮ್ಮನ್ನು ಸಂತೋಷವಾಗಿಯೇ ಕಳಿಸಲು ಒಪ್ಪಿದರು. ಮೂರು ದೇಶ, ಹನ್ನೆರಡು ದಿನ, ಊರಿಂದೂರಿಗೆ ರೈಲು.

"ಒಬ್ಬೊಬ್ರಿಗೆ ಒಂದೇ ಸೂಟ್‌ಕೇಸು. ಅದನ್ನ ಎತ್ಕೊಂಡು ನಾವೇ ಮೆಟ್ಟಿಲು ಹತ್ತೋ ಹಾಗಿರ್ಬೇಕು" ಎಂದು ಅಕ್ಕ ಫೋನಿನಲ್ಲಿ ಹೇಳಿದಳು.

ಹೂಂಗುಟ್ಟಿ, ಜೆ.ಪಿ. ನಗರದ ನಮ್ಮ ಮನೆಯಲ್ಲಿ ನಾನು ನನಗೆ ತೋಚಿದ ಹಾಗೆ ತುಂಬಿದೆ. ಹನ್ನೆರಡು ದಿನಕ್ಕೆ ಹನ್ನೆರಡು ಕುರ್ತಾ. ಫೋಟೊಗೆಂದು ಎರಡು ರೇಷ್ಮೆ ಸೀರೆ, ಅವಕ್ಕೊಪ್ಪುವ ಚಪ್ಪಲಿ. ಎರಡು ಸ್ವೆಟರು, ಕೊಡೆ, ಅವಲಕ್ಕಿ, ಚಟ್ನಿಪುಡಿ, ಕೋಡುಬಳೆ, ನೀರು ಕಾಯಿಸುವ ಕೆಟಲ್. ಜಿಪ್ ಎಳೆಯಲು ನಮ್ಮ ಮನೆಯವರು ಸೂಟ್‌ಕೇಸಿನ ಮೇಲೆ ಕೂರಬೇಕಾಯಿತು. "ಬಿಟ್ಟು ಹೋಗ್ತಿರೋದು ನನ್ನೊಬ್ಬನ್ನೇ ಅಂತ ಕಾಣತ್ತೆ" ಎಂದರು.

ಹೊರಡಲು ಒಂದು ವಾರವಿದ್ದಾಗ, ಭಾನುವಾರ ಬೆಳಿಗ್ಗೆ ಅಕ್ಕ ನನ್ನನ್ನು ಬನಶಂಕರಿ ಮೆಟ್ರೊ ನಿಲ್ದಾಣಕ್ಕೆ ಕರೆಸಿದಳು. ಸೂಟ್‌ಕೇಸು ಸಮೇತ ಬರಬೇಕೆಂದು ಅಪ್ಪಣೆ. ಹೋದರೆ ಅವಳೂ ತನ್ನ ನೀಲಿ ಸೂಟ್‌ಕೇಸು ಹಿಡಿದು, ಸ್ಪೋರ್ಟ್ಸ್ ಶೂ ಹಾಕಿಕೊಂಡು ಮೆಟ್ಟಿಲ ಬುಡದಲ್ಲಿ ನಿಂತಿದ್ದಳು.

"ನಡಿ, ಮೇಲೆ ಹತ್ತಿ ಕೆಳಗೆ ಇಳಿಯೋಣ. ಎಲ್ಲೂ ನಿಲ್ಬಾರ್ದು."

"ಅಕ್ಕ, ಜನ ನೋಡ್ತಾರೆ."

"ನೋಡ್ಲಿ. ಅಲ್ಲಿ ಹೋಗಿ ಅಳೋದಕ್ಕಿಂತ ಇಲ್ಲಿ ನಗಿಸ್ಕೊಳೋದು ವಾಸಿ."

ಅವಳು ಸೂಟ್‌ಕೇಸನ್ನು ಹಾಲಿನ ಕ್ಯಾನಿನಂತೆ ಎತ್ತಿಕೊಂಡು ಹತ್ತಿಯೇಬಿಟ್ಟಳು. ನಾನು ಹತ್ತನೇ ಮೆಟ್ಟಿಲಿಗೆ ನಿಂತೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ ಹುಡುಗಿಯೊಬ್ಬಳು ಅದನ್ನು ತೆಗೆದು, "ಆಂಟಿ, ಆ ಕಡೆ ಲಿಫ್ಟ್ ಇದೆ" ಎಂದಳು. ಮೇಲಿನಿಂದ ಅಕ್ಕ, "ಗೊತ್ತಮ್ಮ, ನಮಗೆ ಲಿಫ್ಟ್ ಬೇಡ" ಎಂದು ಕೂಗಿದಳು. ಆ ಹುಡುಗಿ ನನ್ನ ಮುಖವನ್ನೊಮ್ಮೆ ಕನಿಕರದಿಂದ ನೋಡಿ ಹೋದಳು.

ಮೆಟ್ಟಿಲ ಬುಡದಲ್ಲಿ ಕೂತಿದ್ದ ಹೂ ಮಾರುವಾಕೆಗೆ ತಡೆಯಲಾಗಲಿಲ್ಲ. "ಯಾವೂರಿಗಮ್ಮ ಹೊರಟಿರೋದು?"

"ವಿಯೆನ್ನಾಕ್ಕೆ" ಎಂದಳು ಅಕ್ಕ, ಇಳಿದು ಬರುತ್ತಾ.

"ಈ ಮೆಟ್ರೊ ಅಲ್ಲಿಗೆ ಹೋಗಲ್ಲ ಅನ್ಸತ್ತೆ, ಸರಿಯಾಗಿ ಕೇಳ್ಕೊಳಿ" ಎಂದು ಆಕೆ ಗಂಭೀರವಾಗಿಯೇ ಹೇಳಿದಳು.

ನಾನು ಫೇಲಾದೆ. ಅಕ್ಕ ನನ್ನ ಮನೆಗೇ ಬಂದು, ಹಾಸಿಗೆಯ ಮೇಲೆ ಎಲ್ಲವನ್ನೂ ಸುರಿದು ಆರಿಸತೊಡಗಿದಳು. ಹನ್ನೆರಡು ಕುರ್ತಾ ನಾಲ್ಕಾದವು. ಅವು ಕೂಡ ಸಂಜೆ ಒಗೆದರೆ ಬೆಳಿಗ್ಗೆಗೆ ಒಣಗುವ ತೆಳು ಬಟ್ಟೆಯವು. ಅವನ್ನು ಮಡಿಸದೆ ಚಾಪೆಯಂತೆ ಬಿಗಿಯಾಗಿ ಸುರುಳಿ ಸುತ್ತಿದಳು. ಎರಡು ಪ್ಯಾಂಟಿಗೆ ನಾಲ್ಕೂ ಹೊಂದಬೇಕು ಎಂದಳು. ಸಾಕ್ಸು ಶೂ ಒಳಗೆ ಹೋದವು. ದಪ್ಪ ಸ್ವೆಟರು ಮೈಮೇಲೇ ಬರಬೇಕು. ಮಾತ್ರೆ, ಪಾಸ್‌ಪೋರ್ಟಿನ ನಕಲು, ಒಂದು ಜೊತೆ ಬಟ್ಟೆ ಕೈಚೀಲಕ್ಕೆ. ಕೆಟಲ್ ಅಡುಗೆಮನೆಗೆ ವಾಪಸು. ಸೀರೆಗಳಿಗಾಗಿ ನಾನು ವಾದಿಸಿದೆ.

"ಯಾರಿಗೆ ತೋರ್ಸೋಕೆ? ಅಲ್ಲಿ ನಿನ್ನ ನಾದಿನಿ ಇರ್ತಾಳಾ?"

ಅದೂ ನಿಜವೇ. ಚಟ್ನಿಪುಡಿಗೆ ಮಾತ್ರ ಅವಳು ಪೂರ್ಣ ಅಂಕ ಕೊಟ್ಟಳು.

ವಿಯೆನ್ನಾದಲ್ಲಿ ಎಲ್ಲ ಸುಸೂತ್ರ. ಬುಡಾಪೆಸ್ಟಿನಲ್ಲಿ ನಾವು ಕಾದಿರಿಸಿದ್ದ ಕೋಣೆ ಹಳೇ ಕಟ್ಟಡವೊಂದರ ಮೂರನೇ ಮಹಡಿಯಲ್ಲಿತ್ತು. ಲಿಫ್ಟಿನ ಬಾಗಿಲಿಗೆ ಕೆಟ್ಟಿದೆಯೆಂಬ ಚೀಟಿ ಅಂಟಿಸಿದ್ದರು. ಅಕ್ಕನ ದೂರದೃಷ್ಟಿಯನ್ನು ಮನಸ್ಸಿನಲ್ಲೇ ಹೊಗಳುತ್ತಾ ನಾನು ಸೂಟ್‌ಕೇಸು ಎತ್ತಿ ಹೊರಟೆ. ಎರಡನೇ ಮಹಡಿ ತಲುಪಿ ತಿರುಗಿ ನೋಡಿದರೆ ಹಿಂದೆ ಅವಳಿಲ್ಲ. ಬಗ್ಗಿ ನೋಡಿದೆ. ಅಕ್ಕ ಕೆಳಗಿನ ತಿರುವಿನಲ್ಲಿ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು.

ನಾನು ಓಡಿ ಇಳಿದೆ. "ಏನಾಯ್ತಕ್ಕ? ಎದೆ ನೋಯ್ತಿದ್ಯಾ?"

"ಏನೂ ಇಲ್ಲ. ಸ್ವಲ್ಪ ಭಾರ."

ಅವಳ ಸೂಟ್‌ಕೇಸು ಎತ್ತಲು ಹೋದೆ, ಕೈ ಜಗ್ಗಿತು. ಬನಶಂಕರಿಯಲ್ಲಿ ಹಾಲಿನ ಕ್ಯಾನಿನಂತೆ ಎತ್ತಿಕೊಂಡು ಹೋದದ್ದು ಇದೇನಾ? ಎರಡನ್ನೂ ಹೇಗೋ ಮೇಲೆ ಸಾಗಿಸಿ, ಅವಳಿಗೆ ನೀರು ಕೊಟ್ಟು, ಕೇಳದೆಯೇ ಅವಳ ಸೂಟ್‌ಕೇಸಿನ ಜಿಪ್ ಎಳೆದೆ. ಸುತ್ತಿಟ್ಟ ಬಟ್ಟೆಗಳ ಕೆಳಗೆ ದಾರ ಕಟ್ಟಿದ ಉತ್ತರಪತ್ರಿಕೆಗಳ ಕಟ್ಟು. ಮೂವತ್ತೆರಡು ಮಕ್ಕಳದು, ತಲಾ ಎರಡೆರಡು ಪರೀಕ್ಷೆ. ಪಕ್ಕದಲ್ಲಿ ಮೂರು ಕೆಂಪು ಪೆನ್ನು.

"ನನ್ನ ಸೀರೆ ತೆಗೆಸ್ಬಿಟ್ಟು ನೀನು ಇದನ್ನ ತಂದ್ಯಾ!"

ಅಕ್ಕ ಮೊದಲ ಸಲ ನನ್ನೆದುರು ತಲೆ ತಗ್ಗಿಸಿ ಕೂತಳು. "ವಾಪಸ್ ಬರೋ ಹೊತ್ತಿಗೆ ಕೊಡ್ತೀನಿ ಅಂದಿದ್ದೆ ಮಕ್ಕಳಿಗೆ" ಎಂದಳು. ಕೆಂಪು ಪೆನ್ನೊಂದನ್ನು ಕೈಗೆತ್ತಿಕೊಂಡು, "ಅದೊಂದೇ ಅಲ್ಲ ಕಣೇ. ಹನ್ನೆರಡು ದಿನ ಏನೂ ಕೆಲಸ ಇಲ್ದೆ ನಾನು ಯಾವತ್ತೂ ಇದ್ದಿಲ್ಲ. ಹೇಗಿರ್ಬೇಕು ಅಂತ ಗೊತ್ತಾಗ್ಲಿಲ್ಲ. ಭಯ ಆಯ್ತು" ಎಂದಳು.

ಭಾವನ ಅಮ್ಮ ಹಾಸಿಗೆ ಹಿಡಿದಿದ್ದ ವರ್ಷಗಳಲ್ಲೂ ಬೆಳಿಗ್ಗೆ ಐದಕ್ಕೆದ್ದು ಅಡುಗೆ ಮುಗಿಸಿ ಬಸ್ಸು ಹಿಡಿಯುತ್ತಿದ್ದವಳು ಇವಳು.

ಮಾರನೆಯ ದಿನ ನದೀತೀರದ ಬೆಂಚಿನ ಮೇಲೆ ಕೂತು ಇಬ್ಬರೂ ಪತ್ರಿಕೆ ಹಂಚಿಕೊಂಡೆವು. ಅವಳು ತಿದ್ದುವುದು, ನಾನು ಅಂಕ ಕೂಡುವುದು. ದೋಣಿ ಬಂದಾಗ ನಾನು ಪೆನ್ನು ಕಿತ್ತುಕೊಳ್ಳುತ್ತಿದ್ದೆ. ಅವಳು ದೋಣಿ ನೋಡುತ್ತಿದ್ದಳು. ಮೂರನೆಯ ದೋಣಿಯ ಹೊತ್ತಿಗೆ ತಾನಾಗಿಯೇ ಪೆನ್ನಿನ ಮುಚ್ಚಳ ಹಾಕಿದಳು. ಪ್ರಾಗ್‌ನ ರೈಲಿನಲ್ಲಿ ಕೊನೆಯ ಪತ್ರಿಕೆ ಮುಗಿಯಿತು. ಉಳಿದ ನಾಲ್ಕು ದಿನ ಅಕ್ಕ ಸೇತುವೆಗಳ ಮೇಲೆ ಕೈಬೀಸಿಕೊಂಡು ನಡೆದಳು. ಅಂಗಡಿಯೊಂದರ ಮುಂದೆ ಕಾರಣವಿಲ್ಲದೆ ಒಂದು ಗಂಟೆ ನಿಂತು ಗಾಜಿನ ಮಣಿಸರ ನೋಡಿದಳು. ಪತ್ರಿಕೆಗಳನ್ನು ನಾನೇ ನನ್ನ ಸೂಟ್‌ಕೇಸಿಗೆ ಹಾಕಿಕೊಂಡೆ. ನಾಲ್ಕೇ ಕುರ್ತಾ ಇದ್ದುದರಿಂದ ಜಾಗಕ್ಕೇನೂ ಕೊರತೆಯಿರಲಿಲ್ಲ.

ಊರಿಗೆ ಬಂದ ಮೂರನೆಯ ದಿನ ಅಕ್ಕನ ಫೋನು.

"ಏನೇ, ಹದಿನೆಂಟು, ಹನ್ನೊಂದು, ಒಂಬತ್ತು, ಒಟ್ಟು ಎಷ್ಟು?"

"ಮೂವತ್ತೆಂಟು."

"ಮೂವತ್ತಾರು ಅಂತ ಬರೆದಿದ್ಯಲ್ಲ! ಹುಡುಗಿಯೊಬ್ಳು ಟ್ಯೂಷನ್ನಿನಲ್ಲಿ ಎಲ್ಲರ ಮುಂದೆ ಕೇಳಿದ್ಲು. ನಾನು ಇನ್ನೇನ್ ಹೇಳ್ಲಿ, ನಮ್ಮ ತಂಗಿ ಕೂಡಿದ್ದು ಅಂತ ನಿಜಾನೇ ಹೇಳ್ದೆ."