ಹಿಂದಿನ ಬೆಂಚಿನಿಂದ ಬಂದ ದನಿ

ಯಾರೂ ಇಲ್ಲದ ಕಡೆಯಿಂದ ದನಿ ಕೇಳಿಸಿತು ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಗಣಿತ ಕಲಿಸುವವಳು ನಾನು. ನೀವು ನಂಬಲೇಬೇಕೆಂದು ಇದನ್ನು ಬರೆಯುತ್ತಿಲ್ಲ.

ವಿಜಯಪುರದವಳಾದ ನಾನು ಆಗ ಪುಣೆಯಲ್ಲಿ, ಮಗರಪಟ್ಟಾದ ಆಚೆಗಿನ ಒಂದು ಶಾಲೆಯಲ್ಲಿದ್ದೆ. ನನ್ನ ತರಗತಿಯಲ್ಲಿ ಮರಾಠಿ, ಹಿಂದಿ, ತೆಲುಗು ಮನೆಮಾತಿನ ಮಕ್ಕಳೆಲ್ಲ ಇದ್ದರು. ಕನ್ನಡದವಳು ಭಾಗಮ್ಮ ಒಬ್ಬಳೇ. ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗಳು. ಅವಳ ಮರಾಠಿಯನ್ನು ಅಣಕಿಸುವುದರಲ್ಲಿ ಇಂದಾಪುರದ ಅಶ್ವಿನಿ ಮುಂದು. ಎಷ್ಟು ತಿದ್ದಿದರೂ ಅದು ನಿಂತಿರಲಿಲ್ಲ.

ಒಂದು ಮಧ್ಯಾಹ್ನ ಭಾಗಮ್ಮ ಊಟದ ಸ್ಟೀಲ್ ಡಬ್ಬಿ ಎತ್ತಿ ಅಶ್ವಿನಿಯ ಹಣೆಗೆ ಬಾರಿಸಿದಳು. ಹುಬ್ಬು ಸೀಳಿ ರಕ್ತ ಸುರಿಯಿತು. ನಾನು ಸೆರಗು ಒತ್ತಿ ಹಿಡಿದೆ. ಭಾಗಮ್ಮನನ್ನು ಈಗಲೇ ಶಾಲೆಯಿಂದ ತೆಗೆಯಿರಿ ಎಂದರು ಮುಖ್ಯೋಪಾಧ್ಯಾಯಿನಿ. ಇಬ್ಬರ ಮಾತೂ ಕೇಳದೆ ಆಗದು ಎಂದು ನಾನು ಹಟ ಹಿಡಿದೆ. ಅವರು ಸಿಟ್ಟಿನಿಂದ ಹೊರಟುಹೋದರು.

ಅಶ್ವಿನಿಯ ತಂದೆಯ ಗ್ಯಾರೇಜು ಶಾಲೆಯ ಎದುರಿಗೇ ಇತ್ತು. ಸುದ್ದಿ ಕೇಳಿದ್ದೇ ತಡ, ಕಬ್ಬಿಣದ ರಾಡು ಹಿಡಿದು ತರಗತಿಗೇ ನುಗ್ಗಿದ. ಕಿಟಕಿಯ ಗಾಜು ಒಡೆದ. ಭಾಗಮ್ಮ, ಅಶ್ವಿನಿ ಇಬ್ಬರನ್ನು ಬಿಟ್ಟು ಉಳಿದ ಮಕ್ಕಳು ಚೀರುತ್ತ ಹೊರಗೋಡಿದರು. ನಿನ್ನ ಭಾಷೆಯವಳೆಂದು ಕಾಪಾಡುತ್ತೀಯಾ ಎಂದು ಮರಾಠಿಯಲ್ಲಿ ಬೈಯುತ್ತ, ಅಡ್ಡ ನಿಂತ ನನ್ನ ಭುಜಕ್ಕೆ ಬೀಸಿದ. ನಾನು ಉರುಳಿಬಿದ್ದೆ. ಭಾಗಮ್ಮನ ಜಡೆ ಹಿಡಿದು ಅವಳ ತಲೆಯನ್ನು ಗೋಡೆಗೆ ಅಪ್ಪಳಿಸಿ ಮತ್ತೆ ರಾಡು ಎತ್ತಿದ.

“ನನ್ನ ಮಾತ ಯಾರೂ ಕೇಳಂಗಿಲ್ರಿ, ಮಿಸ್,” ಎಂದಳು ಅವಳು. ಅಳಲಿಲ್ಲ.

ಆಗ ಖಾಲಿ ಬಿದ್ದಿದ್ದ ಹಿಂದಿನ ಬೆಂಚಿನ ಕಡೆಯಿಂದ ಒಬ್ಬ ಮುದುಕಿಯ ದನಿ ಬಂತು.

“ಮೊದಲ ಆಕಿ ಮಾತ ಕೇಳ್ರಿ.”

ನಮ್ಮ ವಿಜಯಪುರದ ಕನ್ನಡ, ಕಿವಿಯ ಹತ್ತಿರವೇ ಆಡಿದಷ್ಟು ಸ್ಪಷ್ಟ.

ಆತನ ಕೈ ಮೇಲೆಯೇ ನಿಂತಿತು. “ಕೋಣ್ ಬೋಲಲಂ?” ಯಾರು ಮಾತಾಡಿದ್ದು ಎಂದು ಕೇಳಿದ. ರಾಡು ಕೆಳಗೆ ಬಿತ್ತು. ಅವನು, ನಾನು, ಭಾಗಮ್ಮ, ಮೂವರೂ ಅತ್ತಲೇ ನೋಡಿದೆವು. ಯಾರೂ ಇರಲಿಲ್ಲ.

ಬಾಗಿಲ ಬಳಿ ನಿಂತಿದ್ದ ಅಶ್ವಿನಿ ಆಗ ಬಾಯಿಬಿಟ್ಟಳು. ಭಾಗಮ್ಮನ ರೊಟ್ಟಿಯ ಮೇಲೆ ಉಗುಳಿದ್ದು, ಅವಳ ತಾಯಿಗೆ ಹೊಲಸು ಮಾತು ಅಂದದ್ದು ತಾನೇ ಎಂದಳು. ತಂದೆ ಅಲ್ಲೇ ಕುಸಿದು ಕೂತ. ಹುಡುಗಿಯರಿಬ್ಬರಿಗೂ ಒಂದೇ ಶಿಕ್ಷೆಯಾಯಿತು; ಇಬ್ಬರೂ ಶಾಲೆಯಲ್ಲಿ ಉಳಿದರು.

ನಾನು ಮುರಿದ ಭುಜದೊಂದಿಗೆ ಆಸ್ಪತ್ರೆಯಲ್ಲಿದ್ದಾಗ ಅಶ್ವಿನಿಯ ತಂದೆ ಕ್ಷಮೆ ಕೇಳಲು ಬಂದ. ತಾನು ಕೇಳಿದ್ದು ಅಪ್ಪಟ ಮರಾಠಿ, ಇಂದಾಪುರದ ಮುದುಕಿಯರು ಆಡುವಂಥದು ಎಂದು ಆಣೆ ಮಾಡಿದ. ಹೇಳಿದ ಮಾತು ಮಾತ್ರ ಅದೇ.

ಜೊತೆಗೆ ಬಂದಿದ್ದ ಅಶ್ವಿನಿಯನ್ನು ಕೇಳಿದೆ. ತನಗೆ ಯಾವ ದನಿಯೂ ಕೇಳಿಸಲಿಲ್ಲ, ನೀವೆಲ್ಲ ಒಮ್ಮೆಲೇ ಅತ್ತ ತಿರುಗಿದ್ದು ಕಂಡು ಹೆದರಿ ನಿಜ ಹೇಳಿಬಿಟ್ಟೆ ಎಂದಳು. ಆಮೇಲೆ, ಅಲ್ಲಿ ಏನಿತ್ತು ಎಂದು ಕೇಳಿದಳು.