ಪೆಡಲು ಒತ್ತಿದವರು

ಯಲ್ಲಾಪುರದಲ್ಲಿ ಬಸ್ಸು ತಪ್ಪಿದ ಹೆಂಗಸೊಬ್ಬರು ನನ್ನ ಹಳೇ ಕಾರು ಹತ್ತಿದ್ದರು. ಅರಬೈಲು ಘಟ್ಟ ಇನ್ನೇನು ಶುರುವಾಗಬೇಕು, ಬ್ರೇಕ್ ಪೆಡಲು ಒತ್ತಿದರೆ ನೆಲಕ್ಕೇ ಹೋಯಿತು. ಹ್ಯಾಂಡ್‌ಬ್ರೇಕ್ ಎಳೆದು ಹೇಗೋ ನಿಲ್ಲಿಸಿದೆ. ಅವರು ಇಳಿದೇಬಿಟ್ಟರು.

“ಇನ್ನು ಈ ಗಾಡಿ ಹತ್ತೂದಿಲ್ಲ ತಮ್ಮಾ.”

ಹಿಂದಿನ ಚಕ್ರದ ಹತ್ತಿರ ಆಯಿಲ್ ಪೈಪಿನ ನಟ್ಟು ಸಡಿಲಾಗಿತ್ತು. ಬಿಗಿ ಮಾಡಿ, ಡಿಕ್ಕಿಯಲ್ಲಿದ್ದ ಬ್ರೇಕ್ ಆಯಿಲ್ ತುಂಬಿದೆ. ಆದರೆ ಒಳಗೆ ಹೊಕ್ಕ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಪೆಡಲು ಒತ್ತಿ ಹಿಡಿದರೆ ಇನ್ನೊಬ್ಬರು ಚಕ್ರದ ಹತ್ತಿರ ಗಾಳಿ ಹೊರಗೆ ಬಿಡುವ ಸಣ್ಣ ತಿರುಪು, ನಿಪ್ಪಲ್, ಬಿಚ್ಚಬೇಕು. ಯಾವಾಗಲೂ ಒತ್ತುತ್ತಿದ್ದವಳು ನನ್ನ ಹೆಂಡತಿ. ಅವಳು ತೀರಿಕೊಂಡ ಮೇಲೆ ಈ ಕೆಲಸಕ್ಕೆ ನಾನು ಕೈ ಹಾಕಿರಲಿಲ್ಲ.

“ಅಕ್ಕಾ, ಪೆಡಲು ಒತ್ತಿ ಹಿಡೀತೀರಾ? ಕಾಲು ಮಾತ್ರ ಎತ್ತಬೇಡಿ.”

ಅವರು ಚಪ್ಪಲಿ ಕಳಚಿ, ಡ್ರೈವರ್ ಸೀಟಿನ ಅಂಚಿಗೆ ಕೂತು, ಪೆಡಲು ಮುಟ್ಟಿ ನಮಸ್ಕಾರ ಮಾಡಿ, ಆಮೇಲೆ ಕಾಲಿಟ್ಟರು. ನಾನು ನಿಪ್ಪಲ್ ಬಿಚ್ಚಿದ್ದೇ ತಡ, ಕಾಲು ಎತ್ತಿಬಿಟ್ಟರು. ಗಾಳಿ ಮತ್ತೆ ಒಳಗೆ ಹೋಯಿತು.

“ಎತ್ತಬೇಡಿ ಅಂದಿದ್ನಲ್ಲ!”

“ಒಮ್ಮೆಲೇ ಕೆಳಗೆ ಹೋಯ್ತು ಮಾರಾಯಾ! ಮುರೀತೇನೋ ಅಂತ ಹೆದರಿದೆ.”

ನನ್ನವಳೂ ಮೊದಲ ಸಲ ಹೀಗೇ ಹೆದರಿದ್ದಳು. ನಾನು ನಿಪ್ಪಲ್ ಬಿಗಿ ಮಾಡಿ, ಸ್ಪ್ಯಾನರ್ ಒರೆಸಿದ್ದನ್ನೇ ಒರೆಸುತ್ತಾ ಕೂತೆ.

“ಎಂತ ಆಯ್ತು ತಮ್ಮಾ?”

“ಎಂತದೂ ಇಲ್ಲ. ಒತ್ತಿ.”

ಈ ಸಲ ಗಟ್ಟಿಯಾಗಿ ಹಿಡಿದರು. ಹೀಗೇ ಮಾಡುತ್ತಾ ಗುಳ್ಳೆಯೆಲ್ಲ ಹೋಗಿ ಬರೀ ಆಯಿಲ್ ಬಂತು. ಪೆಡಲು ಗಟ್ಟಿಯಾಯಿತು. ಮಟ್ಟದ ರಸ್ತೆಯಲ್ಲಿ ಓಡಿಸಿ ನೋಡಿದೆ, ಬ್ರೇಕ್ ಒತ್ತಿದಲ್ಲೇ ಗಾಡಿ ನಿಂತಿತು.

ಅವರು ಕರೆಯದೆಯೇ ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತರು.

“ಹೆದರಿಕೆ ಇಲ್ವಾ ಅಕ್ಕಾ?”

“ಒತ್ತಿದವಳು ನಾನೇ ಅಲ್ವಾ, ಇನ್ನೆಂತ ಹೆದರಿಕೆ?”

ಘಟ್ಟ ಇಳಿಯುವಷ್ಟೂ ಹೊತ್ತು ತಮ್ಮ ಕಾಲಡಿಯ ನೆಲವನ್ನು ಒತ್ತುತ್ತಲೇ ಇದ್ದರು. ಆ ಕಡೆ ಪೆಡಲು ಇಲ್ಲ ಅಂತ ನಾನು ಹೇಳಲು ಹೋಗಲಿಲ್ಲ.